ಸಣ್ಣ ಉದ್ಯಮಕ್ಕೆ ಐಎಸ್‌ಒ 45001: ಕೆಲಸದ ನೆಲದಿಂದ ಪ್ರಮಾಣಪತ್ರದವರೆಗೆ

ಮರಗೆಲಸದ ಒಂದು ಸಣ್ಣ ಕಾರ್ಯಾಗಾರಕ್ಕೆ ನಾನು ಮೊದಲ ಸಲ ಹೋದಾಗ ಮಾಲೀಕರು ಮೇಜಿನ ಮೇಲೆ ದಪ್ಪನೆಯ ಕಡತವೊಂದನ್ನು ಇಟ್ಟರು. ಸುರಕ್ಷತಾ ನೀತಿ, ಅಪಾಯಗಳ ಪಟ್ಟಿ, ತರಬೇತಿಯ ದಾಖಲೆ, ತುರ್ತು ಯೋಜನೆ, ಎಲ್ಲವೂ ಅಚ್ಚುಕಟ್ಟಾಗಿದ್ದವು. ಹತ್ತು ನಿಮಿಷದ ನಂತರ ಕೆಲಸ ನಡೆಯುವ ಜಾಗಕ್ಕೆ ಹೋದೆವು. ಗರಗಸದ ಯಂತ್ರದ ಮೇಲಿರಬೇಕಾದ ಗಾರ್ಡ್, ಅಂದರೆ ಅಲಗಿಗೆ ಕೈ ತಾಗದಂತೆ ತಡೆಯುವ ಮುಚ್ಚಳ, ಗೋಡೆಯ ಹಲಗೆಯ ಮೇಲೆ ಮಲಗಿತ್ತು. ಅದರ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಮರದ ಪುಡಿ ಕೂತಿತ್ತು. ಏಕೆ ತೆಗೆದಿಟ್ಟಿದ್ದೀರಿ ಎಂದು ಕೇಳಿದೆ. "ಅದನ್ನು ಹಾಕಿದರೆ ಗೆರೆ ಕಾಣುವುದಿಲ್ಲ ಸರ್" ಎಂದ, ಯಂತ್ರದ ಮುಂದೆ ನಿಂತಿದ್ದ ಹುಡುಗ. ಕಡತದಲ್ಲಿ ಎಲ್ಲಿಯೂ ಇಲ್ಲದ ಸಂಗತಿ ಆ ಒಂದು ಮಾತಿನಲ್ಲಿತ್ತು.

ಐಎಸ್‌ಒ 45001 ಎಂಬ ಸುರಕ್ಷತಾ ಮಾನದಂಡದ ಪ್ರಮಾಣಪತ್ರ ಬೇಕೆಂದು ಹೊರಡುವ ಸಣ್ಣ ಉದ್ಯಮಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲಿಯೇ. ಕಡತದಿಂದ ಆರಂಭಿಸುತ್ತಾರೆ, ಆಮೇಲೆ ಕೆಲಸವನ್ನು ಕಡತಕ್ಕೆ ಹೊಂದಿಸಲು ಹೆಣಗುತ್ತಾರೆ. ಈ ಮಾರ್ಗದರ್ಶಿ ಅದಕ್ಕೆ ತಿರುವುಮುರುವಾದ ದಾರಿಯನ್ನು ಹೇಳುತ್ತದೆ. ಮೊದಲು ನೆಲ, ಆಮೇಲೆ ಕಾಗದ. ಐದು ಜನರಿರುವ ಮುದ್ರಣಾಲಯಕ್ಕೂ ನಲವತ್ತು ಜನರಿರುವ ಯಂತ್ರ ದುರಸ್ತಿ ಘಟಕಕ್ಕೂ ಇದೇ ಕ್ರಮ ಹೊಂದುತ್ತದೆ.

ಏನಿದು, ಏನಲ್ಲ

ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತೆಗೆ ಜಗತ್ತಿನಾದ್ಯಂತ ಒಪ್ಪಿತವಾಗಿರುವ ಮಾನದಂಡ ಐಎಸ್‌ಒ 45001. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯಾದ ಐಎಸ್‌ಒ ಅದನ್ನು 2018ರ ಮಾರ್ಚ್‌ನಲ್ಲಿ ಹೊರತಂದಿತು. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಒಎಚ್‌ಎಸ್‌ಎಎಸ್ 18001 ಈಗ ಚಲಾವಣೆಯಲ್ಲಿಲ್ಲ. ಯಾರಾದರೂ ಇಂದಿಗೂ ಆ ಹೆಸರಿನ ಪ್ರಮಾಣಪತ್ರ ಕೊಡಿಸುತ್ತೇವೆ ಎಂದರೆ ಅವರನ್ನು ಬಾಗಿಲಿನಿಂದಲೇ ಕಳುಹಿಸಿ.

ಇದು ಕಾನೂನಲ್ಲ. ನಿಮ್ಮ ದೇಶದ ಕಾರ್ಮಿಕ ಸುರಕ್ಷತಾ ಕಾಯ್ದೆಗೆ ಬದಲಿಯೂ ಅಲ್ಲ. ಪ್ರಮಾಣಪತ್ರ ಗೋಡೆಯ ಮೇಲಿದ್ದರೂ ಕಾನೂನಿನ ಪರವಾನಗಿ, ತಪಾಸಣೆ, ವರದಿಗಳೆಲ್ಲ ಹಾಗೆಯೇ ಇರುತ್ತವೆ. ಇಲ್ಲಿ ಅವಘಡವೇ ಆಗುವುದಿಲ್ಲ ಎಂಬ ಖಾತರಿಯನ್ನೂ ಅದು ಕೊಡುವುದಿಲ್ಲ. ಅಪಾಯಗಳನ್ನು ಹುಡುಕಿ, ತಗ್ಗಿಸಿ, ಮತ್ತೆ ಮತ್ತೆ ಪರಿಶೀಲಿಸುವ ಒಂದು ವ್ಯವಸ್ಥೆ ಇಲ್ಲಿದೆ ಮತ್ತು ಅದು ನಿಜವಾಗಿಯೂ ನಡೆಯುತ್ತಿದೆ ಎಂದು ಹೊರಗಿನವರೊಬ್ಬರು ನೋಡಿ ದೃಢಪಡಿಸಿದ್ದಾರೆ ಎಂಬುದಷ್ಟೇ ಅದರ ಅರ್ಥ.

ಅಷ್ಟಾದರೂ ಏಕೆ ಬೇಕು ಎನ್ನುವವರು ಒಂದು ಲೆಕ್ಕ ನೋಡಬೇಕು. ಕೆಲಸಕ್ಕೆ ಸಂಬಂಧಿಸಿದ ಅವಘಡ ಮತ್ತು ಕಾಯಿಲೆಗಳಿಂದ ಪ್ರತಿ ವರ್ಷ ಸುಮಾರು 30 ಲಕ್ಷ ಜನ ಸಾಯುತ್ತಾರೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ಕಾಯಿಲೆ, ಅವಘಡವಲ್ಲ. ಬೆರಳು ತುಂಡಾದರೆ ಎಲ್ಲರಿಗೂ ಕಾಣುತ್ತದೆ. ಇಪ್ಪತ್ತು ವರ್ಷ ಪುಡಿ ಕುಡಿದ ಶ್ವಾಸಕೋಶ ಯಾರಿಗೂ ಕಾಣುವುದಿಲ್ಲ. ಸುರಕ್ಷಿತ ಹಾಗೂ ಆರೋಗ್ಯಕರ ಕೆಲಸದ ವಾತಾವರಣವನ್ನು ಅದೇ ಸಂಘಟನೆ 2022ರಲ್ಲಿ ದುಡಿಯುವವರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು.

ಹೆಜ್ಜೆ 1: ಪ್ರಮಾಣಪತ್ರ ಬೇಕೋ, ವ್ಯವಸ್ಥೆ ಸಾಕೋ?

ದೊಡ್ಡ ಗ್ರಾಹಕರು ಕೇಳುತ್ತಿದ್ದರೆ, ಟೆಂಡರಿನಲ್ಲಿ ಷರತ್ತು ಇದ್ದರೆ ಪ್ರಮಾಣಪತ್ರ ಬೇಕು. ಯಾರೂ ಕೇಳುತ್ತಿಲ್ಲ, ಆದರೆ ನಿಮ್ಮ ಜನ ಸುರಕ್ಷಿತವಾಗಿರಬೇಕು ಎಂಬ ಆಸೆ ಇದ್ದರೆ ಮಾನದಂಡದಂತೆ ವ್ಯವಸ್ಥೆಯನ್ನು ಕಟ್ಟಿ ನಡೆಸಿ, ಹೊರಗಿನ ಆಡಿಟ್ ಅನ್ನು, ಅಂದರೆ ಹೊರಗಿನವರು ಬಂದು ವ್ಯವಸ್ಥೆಯನ್ನು ಪರಿಶೀಲಿಸುವುದನ್ನು, ಮುಂದೆ ನೋಡಿಕೊಳ್ಳಬಹುದು. ಅದರಲ್ಲಿ ಕೊರತೆಯೇನೂ ಇಲ್ಲ. ಎಷ್ಟೋ ಕಡೆ ನಾನೇ ಹಾಗೆ ಸಲಹೆ ಕೊಟ್ಟಿದ್ದೇನೆ.

ಬೇಕೆಂದೇ ನಿರ್ಧರಿಸಿದರೆ ಆರು ತಿಂಗಳಿಂದ ಒಂದು ವರ್ಷದ ಸಮಯ ಇಟ್ಟುಕೊಳ್ಳಿ. ವ್ಯವಸ್ಥೆ ಕೆಲವು ತಿಂಗಳಾದರೂ ನಡೆದಿರಬೇಕು, ಒಂದು ಸುತ್ತು ಆಂತರಿಕ ಆಡಿಟ್ ಮುಗಿದಿರಬೇಕು, ಮಾಲೀಕರ ಮಟ್ಟದ ಪರಾಮರ್ಶೆಯೂ ಆಗಿರಬೇಕು. ಆಮೇಲೆಯೇ ಹೊರಗಿನ ಆಡಿಟರ್ ಬಂದು ನೋಡಲು ಏನಾದರೂ ಇರುತ್ತದೆ.

ಹೆಜ್ಜೆ 2: ಮಾನದಂಡವನ್ನು ಓದಿ, ವ್ಯಾಪ್ತಿಯನ್ನು ಬರೆಯಿರಿ

ಮಾನದಂಡದ ಅಧಿಕೃತ ಪ್ರತಿಯನ್ನು ಕೊಂಡುಕೊಳ್ಳಿ. ಅದರಲ್ಲಿ ಹತ್ತು ಅಧ್ಯಾಯಗಳಿವೆ. ಪಾಲಿಸಬೇಕಾದ ಅಗತ್ಯಗಳೆಲ್ಲ 4ರಿಂದ 10ರವರೆಗಿನವುಗಳಲ್ಲಿವೆ: ಸಂಸ್ಥೆಯ ಸಂದರ್ಭ, ನಾಯಕತ್ವ ಮತ್ತು ಕಾರ್ಮಿಕರ ಪಾಲ್ಗೊಳ್ಳುವಿಕೆ, ಯೋಜನೆ, ಬೆಂಬಲ, ಕಾರ್ಯಾಚರಣೆ, ಮೌಲ್ಯಮಾಪನ, ಸುಧಾರಣೆ. ಕೊನೆಯಲ್ಲಿರುವ ಅನುಬಂಧ ವಿವರಣೆಗಾಗಿ ಇದೆ, ಅದನ್ನು ತಪ್ಪದೆ ಓದಿ. ಜಾರಿಗೆ ತರುವ ಬಗೆಯನ್ನು ಬಿಡಿಸಿ ಹೇಳುವ ಐಎಸ್‌ಒ 45002 ಎಂಬ ಪ್ರತ್ಯೇಕ ಮಾರ್ಗಸೂಚಿ 2023ರಲ್ಲಿ ಬಂದಿದೆ. ಐಎಸ್‌ಒ 45001ಕ್ಕೇ 2024ರ ಫೆಬ್ರುವರಿಯಲ್ಲಿ ಒಂದು ಸಣ್ಣ ತಿದ್ದುಪಡಿಯೂ ಸೇರಿತು. ಹವಾಮಾನ ಬದಲಾವಣೆ ನಿಮ್ಮ ಕೆಲಸಕ್ಕೆ ಸಂಬಂಧಿಸಿದ ವಿಷಯವೇ ಎಂದು ನೀವು ಯೋಚಿಸಿರಬೇಕು ಎನ್ನುತ್ತದೆ ಅದು. ತಗಡಿನ ಮಾಡಿನ ಕೆಳಗೆ ಬೇಸಿಗೆಯಲ್ಲಿ ಕೆಲಸ ಮಾಡಿಸುವವರಿಗೆ ಇದು ದೂರದ ಮಾತಲ್ಲ.

ವ್ಯಾಪ್ತಿ ಎಂದರೆ ಈ ವ್ಯವಸ್ಥೆ ಯಾವ ಜಾಗ, ಯಾವ ಕೆಲಸ, ಯಾವ ಜನರನ್ನು ಒಳಗೊಳ್ಳುತ್ತದೆ ಎಂಬುದು. ಎರಡು ಮೂರು ಸಾಲು ಸಾಕು. ಆದರೆ ಕಷ್ಟದ ಭಾಗವನ್ನು ಹೊರಗಿಡುವ ಚಾಲಾಕಿತನ ಬೇಡ. ಕಚೇರಿ ಮತ್ತು ಜೋಡಣೆ ವಿಭಾಗವನ್ನು ಸೇರಿಸಿ, ಬಣ್ಣ ಸಿಂಪಡಿಸುವ ಕೋಣೆಯನ್ನು ಬಿಟ್ಟು ಬರೆದ ವ್ಯಾಪ್ತಿಯನ್ನು ಒಳ್ಳೆಯ ಆಡಿಟರ್ ಒಪ್ಪುವುದಿಲ್ಲ, ಒಪ್ಪಲೂಬಾರದು.

ಹೆಜ್ಜೆ 3: ಮಾಲೀಕರು ಮುಂದೆ, ಕೆಲಸಗಾರರು ಜೊತೆಗೆ

ಹೊಣೆ ಯಾರದು ಎಂಬ ಪ್ರಶ್ನೆಗೆ ಮಾನದಂಡದ ಉತ್ತರ ನೇರವಾಗಿದೆ. ಕೆಲಸಗಳನ್ನು ಹಂಚಬಹುದು, ಒಟ್ಟಾರೆ ಹೊಣೆಯನ್ನು ಯಾರಿಗೂ ದಾಟಿಸಲಾಗದು. ಅದು ಮಾಲೀಕರ ಹೆಗಲ ಮೇಲೆಯೇ ಇರುತ್ತದೆ. ಸುರಕ್ಷತಾ ನೀತಿ ಒಂದು ಪುಟವಿದ್ದರೆ ಸಾಕು, ಆದರೆ ಅದು ನಿಮ್ಮ ಕೆಲಸಗಾರರು ಓದುವ ಭಾಷೆಯಲ್ಲಿರಲಿ. ಓದು ಬಾರದವರಿದ್ದರೆ ಕೂರಿಸಿಕೊಂಡು ಹೇಳಿ.

ಈ ಮಾನದಂಡದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಕಾರ್ಮಿಕರ ಸಮಾಲೋಚನೆ ಮತ್ತು ಪಾಲ್ಗೊಳ್ಳುವಿಕೆ. ಸಮಾಲೋಚನೆ ಎಂದರೆ ತೀರ್ಮಾನಕ್ಕೆ ಮೊದಲು ಅವರ ಅಭಿಪ್ರಾಯ ಕೇಳುವುದು. ಪಾಲ್ಗೊಳ್ಳುವಿಕೆ ಎಂದರೆ ತೀರ್ಮಾನದಲ್ಲಿ ಅವರೂ ಇರುವುದು. ಅಪಾಯ ಗುರುತಿಸುವುದರಲ್ಲಿ, ಅವಘಡದ ತನಿಖೆಯಲ್ಲಿ, ತರಬೇತಿ ಏನಿರಬೇಕು ಎಂಬುದರಲ್ಲಿ ಮೇಲ್ವಿಚಾರಕರಲ್ಲದ ಸಾಮಾನ್ಯ ಕೆಲಸಗಾರರು ಭಾಗವಹಿಸಬೇಕು. ಅಪಾಯ ಕಂಡೆ ಎಂದು ಹೇಳಿದವರಿಗೆ ತೊಂದರೆಯಾಗಬಾರದು. ಎದುರಿಗೇ ಗಂಭೀರ ಅಪಾಯ ಇದೆ ಎನಿಸಿದಾಗ ಕೆಲಸ ಬಿಟ್ಟು ದೂರ ಸರಿಯಬಹುದು, ಹಾಗೆ ಸರಿದುದಕ್ಕೆ ಶಿಕ್ಷೆ ಇಲ್ಲ ಎಂಬುದು ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಸಣ್ಣ ಉದ್ಯಮಕ್ಕೆ ಇದರಲ್ಲಿ ದೊಡ್ಡ ಅನುಕೂಲವಿದೆ. ಸಾವಿರ ಜನರ ಕಾರ್ಖಾನೆಗೆ ಸಮಿತಿ, ಉಪಸಮಿತಿ ಬೇಕಾಗುತ್ತವೆ. ನಿಮ್ಮಲ್ಲಿ ವಾರಕ್ಕೊಮ್ಮೆ ಹದಿನೈದು ನಿಮಿಷ ಯಂತ್ರ ನಿಲ್ಲಿಸಿ ಎಲ್ಲರೂ ಸುತ್ತ ನಿಂತರೆ ಮುಗಿಯಿತು. ನಿಮ್ಮ ಕಾನೂನು ಸಮಿತಿಯನ್ನೇ ಬೇಡಿದರೆ ಅದು ಬೇರೆ ಮಾತು. ಆ ಸಭೆಯಲ್ಲಿ ಮಾಲೀಕರು ಕಡಿಮೆ ಮಾತನಾಡಬೇಕು. ಎಲ್ಲರಿಗಿಂತ ಹೊಸಬನನ್ನು ಮೊದಲು ಮಾತನಾಡಿಸಿ. ಹಿರಿಯರು ಹೇಳಿದ ಮೇಲೆ ಅವನು ಬಾಯಿ ಬಿಡುವುದಿಲ್ಲ. ನಾಲ್ಕು ಸಾಲಿನ ಟಿಪ್ಪಣಿ, ದಿನಾಂಕ, ಯಾರು ಏನು ಹೇಳಿದರು, ಅದಕ್ಕೆ ಏನಾಯಿತು, ಇಷ್ಟಿದ್ದರೆ ದಾಖಲೆಯೂ ಸಿದ್ಧ.

ಹೆಜ್ಜೆ 4: ಅಪಾಯಗಳನ್ನು ಹುಡುಕುವುದು

ಇಡೀ ಕೆಲಸದ ಜೀವಾಳ ಇದು. ಇಲ್ಲಿ ಅವಸರ ಮಾಡಬೇಡಿ.

ಮೊದಲು ಎರಡು ಪದಗಳನ್ನು ಬೇರೆಯಾಗಿಡಿ. ಅಪಾಯದ ಮೂಲ ಎಂದರೆ ಹಾನಿ ಮಾಡಬಲ್ಲ ವಸ್ತು ಅಥವಾ ಸ್ಥಿತಿ: ತಿರುಗುವ ಅಲಗು, ಎಣ್ಣೆ ಚೆಲ್ಲಿದ ನೆಲ, ಥಿನ್ನರಿನ ಆವಿ. ಅಪಾಯದ ಪ್ರಮಾಣ ಎಂದರೆ ಆ ಹಾನಿ ಆಗುವ ಸಂಭವ ಎಷ್ಟು, ಆದಲ್ಲಿ ಅದು ಎಷ್ಟು ಗಂಭೀರ ಎಂಬುದು. ಮೊದಲನೆಯದನ್ನು ಕಣ್ಣು ಹುಡುಕುತ್ತದೆ, ಎರಡನೆಯದನ್ನು ನೀವು ಚರ್ಚಿಸಿ ತೀರ್ಮಾನಿಸುತ್ತೀರಿ.

ಕೆಲಸದ ಜಾಗವನ್ನು ನಾಲ್ಕು ಬೇರೆ ಬೇರೆ ಹೊತ್ತಿನಲ್ಲಿ ಸುತ್ತಿ. ಬೆಳಿಗ್ಗೆ ಕೆಲಸ ಆರಂಭವಾಗುವಾಗ ಒಮ್ಮೆ, ಆರ್ಡರ್ ತುಂಬಿ ಎಲ್ಲರೂ ಓಡಾಡುತ್ತಿರುವಾಗ ಒಮ್ಮೆ, ಸಂಜೆ ಗುಡಿಸಿ ತೊಳೆಯುವಾಗ ಒಮ್ಮೆ, ಯಂತ್ರ ಕೆಟ್ಟು ರಿಪೇರಿ ನಡೆಯುತ್ತಿರುವಾಗ ಇನ್ನೊಮ್ಮೆ. ಮೊದಲ ಸುತ್ತಿನಲ್ಲಿ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ನಿಜವಾದ ಅಪಾಯಗಳು ಕೊನೆಯ ಎರಡು ಸುತ್ತುಗಳಲ್ಲಿ ಹೊರಬೀಳುತ್ತವೆ: ಸ್ವಿಚ್ ಆರಿಸದೆಯೇ ಬೆಲ್ಟಿನ ಸಂದಿಯಿಂದ ಚಿಂದಿ ಎಳೆಯುವ ಕೈ, ಏಣಿ ಸಿಗದೆ ಕುರ್ಚಿಯ ಮೇಲೆ ಹತ್ತಿ ಬಲ್ಬ್ ಬದಲಿಸುವ ಕಾಲು. ದಿನನಿತ್ಯವಲ್ಲದ ಕೆಲಸಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಮಾನದಂಡ ಒತ್ತಿ ಹೇಳುವುದು ಈ ಕಾರಣಕ್ಕೆ.

ಪ್ರತಿ ಸುತ್ತಿನಲ್ಲೂ ಆ ಕೆಲಸವನ್ನು ಕೈಯಾರೆ ಮಾಡುವವರೊಬ್ಬರು ಜೊತೆಗಿರಲಿ. ಅವರಿಗೆ ಮೂರು ಪ್ರಶ್ನೆ ಕೇಳಿ: ಈ ಕೆಲಸದಲ್ಲಿ ನಿಮಗೆ ಭಯವಾಗುವ ಕ್ಷಣ ಯಾವುದು? ಕೂದಲೆಳೆಯಲ್ಲಿ ತಪ್ಪಿದ ಅವಘಡ ಯಾವುದಾದರೂ ನೆನಪಿದೆಯೇ? ಹೊಸಬನಿಗೆ ಈ ಯಂತ್ರ ಕಲಿಸುವಾಗ ಯಾವುದನ್ನು ಮಾಡಬೇಡ ಎನ್ನುತ್ತೀರಿ? ಮೂರನೆಯ ಪ್ರಶ್ನೆಗೆ ಬರುವ ಉತ್ತರವೇ ನಿಮ್ಮ ಅಪಾಯಗಳ ಪಟ್ಟಿಯ ಮೊದಲ ಕರಡು.

ಕಣ್ಣಿಗೆ ಕಾಣದ್ದನ್ನು ಬಿಡಬೇಡಿ. ಮರದ ಪುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಒಂದು ಮೀಟರ್ ದೂರದಲ್ಲಿ ನಿಂತವರೊಂದಿಗೆ ಕೂಗಿ ಮಾತನಾಡಬೇಕಾಗಿ ಬಂದರೆ ಸದ್ದು ಸುಮಾರು 85 ಡೆಸಿಬಲ್ ಮುಟ್ಟಿದೆ ಎಂದು ತಿಳಿಯಿರಿ. ದಿನವೂ ಎಂಟು ಗಂಟೆ ಅಂಥ ಸದ್ದಿನಲ್ಲಿದ್ದರೆ ವರ್ಷಗಳು ಕಳೆದಂತೆ ಕಿವಿ ಮಂದವಾಗುತ್ತದೆ. ರಾಸಾಯನಿಕದ ಡಬ್ಬಿಗಳ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರದಲ್ಲಿ 16 ಭಾಗಗಳಿರುತ್ತವೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದಿದ್ದರೆ ಅಪಾಯ, ಪ್ರಥಮ ಚಿಕಿತ್ಸೆ, ಬೆಂಕಿ, ಸಂಗ್ರಹಣೆ, ರಕ್ಷಣಾ ಸಾಧನ ಇವಿಷ್ಟು ಭಾಗಗಳನ್ನಾದರೂ ಓದಿ. ಭಾರ ಎತ್ತುವ ಬೆನ್ನು, ಒಂದೇ ಭಂಗಿಯಲ್ಲಿ ನಿಲ್ಲುವ ಕಾಲು, ಹಗಲಿರುಳು ದುಡಿದ ಆಯಾಸ ಇವೂ ಪಟ್ಟಿಯಲ್ಲಿರಬೇಕು. ವಿಪರೀತ ಕೆಲಸದ ಹೊರೆ, ಕಿರುಕುಳ, ಬೆದರಿಕೆಗಳನ್ನೂ ಮಾನದಂಡ ಹೆಸರಿಸಿಯೇ ಹೇಳುತ್ತದೆ. "ನಮ್ಮಲ್ಲಿ ಅಂಥದ್ದೇನೂ ಇಲ್ಲ" ಎಂಬ ಮಾಲೀಕರ ಮಾತನ್ನು ಬರೆದುಕೊಳ್ಳುವ ಮೊದಲು ಕೆಲಸಗಾರರನ್ನು ಪ್ರತ್ಯೇಕವಾಗಿ ಕೇಳಿ.

ಜನರ ಪಟ್ಟಿಯೂ ದೊಡ್ಡದೇ. ಗುತ್ತಿಗೆಯವರು, ಸಾಮಾನು ಇಳಿಸಲು ಬರುವ ಚಾಲಕರು, ಗ್ರಾಹಕರು, ಪಕ್ಕದ ಕಟ್ಟಡದವರು, ನಿಮ್ಮ ಪರವಾಗಿ ಹೊರಗೆ ಹೋಗಿ ಕೆಲಸ ಮಾಡುವವರು, ಗರ್ಭಿಣಿಯರು, ಮೊದಲ ವಾರದಲ್ಲಿರುವ ಹೊಸಬರು.

ಅಪಾಯದ ಪ್ರಮಾಣ ಅಳೆಯಲು, ಸಂಭವಕ್ಕೊಂದು ಗಂಭೀರತೆಗೊಂದು ಅಂಕಿ ಕೊಡುವ ಐದಕ್ಕೈದು ಮನೆಗಳ ಕೋಷ್ಟಕ ಬೇಕೇಬೇಕೆಂದು ಮಾನದಂಡ ಎಲ್ಲಿಯೂ ಹೇಳಿಲ್ಲ. ಹೇಗೆ ಅಳೆಯುತ್ತೀರಿ ಎಂಬುದನ್ನು ಮೊದಲೇ ಬರೆದಿಟ್ಟು, ಎಲ್ಲ ಕಡೆ ಅದನ್ನೇ ಪಾಲಿಸಿದರೆ ಸಾಕು. ಹೆಚ್ಚು, ಮಧ್ಯಮ, ಕಡಿಮೆ ಎಂಬ ಮೂರು ಮಟ್ಟಗಳೇ ಸಣ್ಣ ಘಟಕಕ್ಕೆ ಧಾರಾಳ. ಅಂಕಿ ಕೂಡಿಸಿ ಗುಣಿಸಿ ಹನ್ನೆರಡೋ ಹದಿನೈದೋ ಎಂದು ವಾದಿಸುವ ಹೊತ್ತಿನಲ್ಲಿ ಗಾರ್ಡನ್ನು ಹಲಗೆಯಿಂದ ಇಳಿಸಬಹುದಿತ್ತು.

ಹೆಜ್ಜೆ 5: ಅಪಾಯವನ್ನು ತಗ್ಗಿಸುವ ಏಣಿ

ಕ್ರಮ ಕೈಗೊಳ್ಳುವಾಗ ಐದು ಮೆಟ್ಟಿಲುಗಳ ಏಣಿಯನ್ನು ಮೇಲಿನಿಂದ ಕೆಳಕ್ಕೆ ಇಳಿಯಬೇಕು. ಅಪಾಯವನ್ನೇ ಇಲ್ಲವಾಗಿಸಲು ಆಗುತ್ತದೆಯೇ? ಇಲ್ಲವಾದರೆ ಕಡಿಮೆ ಅಪಾಯದ್ದನ್ನು ಬಳಸಲು ಆಗುತ್ತದೆಯೇ? ಇಲ್ಲವಾದರೆ ಯಂತ್ರಕ್ಕೆ, ಕಟ್ಟಡಕ್ಕೆ, ಕೆಲಸದ ಜೋಡಣೆಗೆ ತಾಂತ್ರಿಕ ತಡೆ ಹಾಕಲು ಆಗುತ್ತದೆಯೇ? ಆಮೇಲೆ ನಿಯಮ, ತರಬೇತಿ, ಸೂಚನಾ ಫಲಕ. ಎಲ್ಲಕ್ಕಿಂತ ಕೊನೆಗೆ ಮಾಸ್ಕು, ಕೈಗವಸು, ಕನ್ನಡಕ.

ಸಣ್ಣ ಉದ್ಯಮಗಳು ಬಹುತೇಕ ಈ ಏಣಿಯನ್ನು ಕೆಳಗಿನಿಂದ ಹತ್ತಲು ಹೋಗುತ್ತವೆ. ಪುಡಿ ಇದೆಯೇ, ಮಾಸ್ಕ್ ಕೊಡಿ. ಅದೇ ಪುಡಿಯನ್ನು ಏಣಿಯ ಮೇಲಿನಿಂದ ನೋಡಿ. ಅಳತೆಗೆ ಕತ್ತರಿಸಿದ ಹಲಗೆಯನ್ನೇ ತರಿಸಿದರೆ ಅರ್ಧ ಪುಡಿ ಹುಟ್ಟುವುದೇ ಇಲ್ಲ. ಉಳಿದದ್ದನ್ನು ಗರಗಸದ ಬಾಯಲ್ಲೇ ಹೀರುವ ಕೊಳವೆ ಹಿಡಿಯುತ್ತದೆ. ಸಂಜೆ ಗಾಳಿಯ ಪೈಪಿನಿಂದ ಊದಿ ಸ್ವಚ್ಛ ಮಾಡುವುದನ್ನು ನಿಲ್ಲಿಸಿ ವ್ಯಾಕ್ಯೂಮ್ ಬಳಸಿದರೆ, ನೆಲಕ್ಕೆ ಕೂತದ್ದು ಮತ್ತೆ ಮೂಗಿಗೆ ಏರುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಮಾಸ್ಕ್ ಬೇಕಾಗಬಹುದು, ಆದರೆ ಆಗ ಅದು ಕೊನೆಯ ಬೇಲಿ ಮಾತ್ರ.

ರಕ್ಷಣಾ ಸಾಧನವೇ ಅಪಾಯವಾಗುವ ಸಂದರ್ಭವೂ ಇದೆ. ತಿರುಗುವ ಡ್ರಿಲ್ಲಿನ ಬಳಿ ಸಡಿಲವಾದ ಬಟ್ಟೆಯ ಕೈಗವಸು ಹಾಕಿದರೆ ಅದು ಸಿಕ್ಕಿಕೊಂಡು ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. "ಎಲ್ಲರೂ ಯಾವಾಗಲೂ ಕೈಗವಸು ಧರಿಸಬೇಕು" ಎಂಬ ಫಲಕವನ್ನು ಕಣ್ಣುಮುಚ್ಚಿ ನೇತುಹಾಕುವ ಮೊದಲು ಇದನ್ನು ಯೋಚಿಸಿ.

ಆ ಗರಗಸದ ಕಥೆಗೆ ಬರುತ್ತೇನೆ. ಗಾರ್ಡ್ ಹಾಕದಿದ್ದರೆ ದಂಡ ಎಂದು ಮಾಲೀಕರು ಹೇಳಹೊರಟಿದ್ದರು. ಹುಡುಗನ ಮಾತು ಕೇಳಿದ ಮೇಲೆ ಗಾರ್ಡನ್ನು ಹಲಗೆಯಿಂದ ಇಳಿಸಿ ನೋಡಿದೆವು. ಅದು ಗಟ್ಟಿ ತಗಡಿನದು, ಒಳಗೆ ಏನೂ ಕಾಣುತ್ತಿರಲಿಲ್ಲ. ಅದರ ಜಾಗಕ್ಕೆ ಆ ಯಂತ್ರಕ್ಕೇ ಹೊಂದುವ ಪಾರದರ್ಶಕ ಗಾರ್ಡ್ ಬಂತು, ಮೇಲೊಂದು ದೀಪ ಬಂತು. ದಂಡದ ಮಾತು ಅಲ್ಲಿಗೆ ನಿಂತಿತು. ಒಂದು ತಿಂಗಳ ನಂತರ ಹೋದಾಗ ಗಾರ್ಡ್ ಯಂತ್ರದ ಮೇಲೆಯೇ ಇತ್ತು.

ಹೆಜ್ಜೆ 6: ಕಾನೂನಿನ ಪಟ್ಟಿ, ಗುರಿಗಳ ಪಟ್ಟಿ

ನಿಮಗೆ ಅನ್ವಯಿಸುವ ಪ್ರತಿ ಕಾನೂನು, ಪರವಾನಗಿ, ಗ್ರಾಹಕರ ಷರತ್ತು ಒಂದು ಹಾಳೆಯಲ್ಲಿರಲಿ. ಅದು ಏನು ಕೇಳುತ್ತದೆ, ನಮ್ಮಲ್ಲಿ ಅದಕ್ಕೆ ಪುರಾವೆ ಏನು, ಮುಂದಿನ ನವೀಕರಣ ಯಾವಾಗ ಎಂಬ ಮೂರು ಕಾಲಂ ಹಾಕಿ. ಕಾಯ್ದೆಯ ಹೆಸರು ಬರೆದು ಬಿಟ್ಟರೆ ಪ್ರಯೋಜನವಿಲ್ಲ. ಪಾಲಿಸುತ್ತಿದ್ದೇವೆಯೇ ಎಂದು ನಿಗದಿತ ಅವಧಿಗೊಮ್ಮೆ ನೀವೇ ಪರಿಶೀಲಿಸಿ ದಾಖಲಿಸುವುದು ಕಡ್ಡಾಯ, ಅನೇಕರು ಮರೆಯುವುದು ಇದನ್ನೇ.

ಗುರಿಗಳ ವಿಷಯದಲ್ಲಿ ನನ್ನದೊಂದು ಬಲವಾದ ಅಭಿಪ್ರಾಯವಿದೆ. "ಈ ವರ್ಷ ಶೂನ್ಯ ಅವಘಡ" ಎಂದು ಗುರಿ ಇಟ್ಟು ಅದಕ್ಕೆ ಬಹುಮಾನ ಕಟ್ಟಬೇಡಿ. ಹಾಗೆ ಮಾಡಿದರೆ ಅವಘಡ ನಿಲ್ಲುವುದಿಲ್ಲ, ವರದಿ ನಿಲ್ಲುತ್ತದೆ. ಗಾಯವಾದ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಹೋದವರನ್ನು ನಾನು ನೋಡಿದ್ದೇನೆ. ಬದಲಿಗೆ ನಿಮ್ಮ ಕೈಯಲ್ಲಿರುವುದನ್ನು ಗುರಿಯಾಗಿಸಿ: ಸೆಪ್ಟೆಂಬರ್ ಒಳಗೆ ನಾಲ್ಕೂ ಯಂತ್ರಗಳಿಗೆ ಪುಡಿ ಹೀರುವ ವ್ಯವಸ್ಥೆ, ಹೊಣೆ ಇವರದು, ಹಣ ಇಷ್ಟು, ಮುಗಿಯಿತೆಂದು ತಿಳಿಯುವುದು ಹೀಗೆ.

ಹೆಜ್ಜೆ 7: ಕಾಗದ ಎಷ್ಟು ಬೇಕೋ ಅಷ್ಟು

ಬರೆದಿಡಲೇಬೇಕಾದವು ಇವು. ವ್ಯಾಪ್ತಿ, ನೀತಿ, ಯಾರ ಹೊಣೆ ಏನು ಎಂಬುದು, ಅಪಾಯ ಅಳೆಯುವ ವಿಧಾನ ಮತ್ತು ಫಲಿತಾಂಶ, ಕಾನೂನಿನ ಪಟ್ಟಿ, ಗುರಿಗಳು, ಕೆಲಸಗಾರರ ಅರ್ಹತೆ ಮತ್ತು ತರಬೇತಿಯ ಪುರಾವೆ, ಸಂವಹನದ ಪುರಾವೆ, ತುರ್ತು ಯೋಜನೆ, ಅಳತೆ ಮತ್ತು ತಪಾಸಣೆಯ ಫಲಿತಾಂಶಗಳು, ಕಾನೂನು ಪಾಲನೆಯ ಪರಿಶೀಲನೆ, ಆಂತರಿಕ ಆಡಿಟ್, ಪರಾಮರ್ಶೆ, ಅವಘಡ ಮತ್ತು ಲೋಪಗಳು, ಅವುಗಳನ್ನು ಸರಿಪಡಿಸಿದ ಕ್ರಮ. ಕೇಳಲು ಉದ್ದವೆನಿಸಿದರೂ ಹತ್ತು ಜನರ ಘಟಕದಲ್ಲಿ ಇದೆಲ್ಲ ಒಂದೇ ಫೈಲಿನಲ್ಲಿ ಹಿಡಿಸುತ್ತದೆ. ಪ್ರತಿಯೊಂದಕ್ಕೂ ಕೈಪಿಡಿ ಬರೆಯಬೇಕಿಲ್ಲ. ಬಿಳಿ ಹಲಗೆಯ ಮೇಲಿನ ಟಿಪ್ಪಣಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ದಿನಾಂಕದೊಂದಿಗೆ ಉಳಿಸಿದರೂ ಅದು ದಾಖಲೆಯೇ.

ಮಾರುಕಟ್ಟೆಯಲ್ಲಿ ಸಿದ್ಧ ಕಡತಗಳು ಸಿಗುತ್ತವೆ. ನಮೂನೆಗೆಂದು ನೋಡಬಹುದು, ಹೆಸರು ಬದಲಿಸಿ ಹಚ್ಚಿಕೊಳ್ಳಬೇಡಿ. ಯಂತ್ರವೇ ಇಲ್ಲದ ಶುಚಿತ್ವ ಸೇವೆಯೊಂದರ ಕಡತದಲ್ಲಿ ಬಾಯ್ಲರ್ ಸುರಕ್ಷತೆಯ ಅಧ್ಯಾಯ ಇದ್ದುದನ್ನು ಕಂಡಿದ್ದೇನೆ.

ಹೆಜ್ಜೆ 8: ದಿನನಿತ್ಯದ ನಡೆ

ತರಬೇತಿಯನ್ನು ಕೆಲಸದ ಹೊತ್ತಿನಲ್ಲೇ, ಕೆಲಸಗಾರರಿಂದ ಹಣ ಪಡೆಯದೆ ಕೊಡಿ. ಸಹಿ ಹಾಕಿಸಿಕೊಂಡ ಹಾಜರಿ ಪಟ್ಟಿ ತರಬೇತಿಯಾಯಿತು ಎಂಬುದನ್ನು ಹೇಳುತ್ತದೆ, ಕಲಿತರು ಎಂಬುದನ್ನು ಹೇಳುವುದಿಲ್ಲ. ಒಂದು ವಾರದ ನಂತರ ಯಂತ್ರದ ಮುಂದೆ ನಿಲ್ಲಿಸಿ ಮಾಡಿ ತೋರಿಸಲು ಹೇಳಿ, ಫಲಿತಾಂಶ ಬರೆಯಿರಿ.

ತುರ್ತು ಅಭ್ಯಾಸವನ್ನು ಮುಂಚೆ ಹೇಳಿ ಒಮ್ಮೆ, ಹೇಳದೆ ಒಮ್ಮೆ ನಡೆಸಿ. ಹೊರಬಾಗಿಲಿನ ಮುಂದೆ ಪೆಟ್ಟಿಗೆಗಳ ರಾಶಿ ಇರುವುದು, ಬೆಂಕಿ ಆರಿಸುವ ಸಿಲಿಂಡರಿನ ಒತ್ತಡದ ಮುಳ್ಳು ಕೆಂಪಿಗೆ ಬಂದಿರುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಬೀಗದ ಕೈ ರಜೆಯಲ್ಲಿರುವವರ ಬಳಿ ಇರುವುದು, ಇವೆಲ್ಲ ಹೇಳದೆ ನಡೆಸಿದ ಅಭ್ಯಾಸದಲ್ಲೇ ಗೊತ್ತಾಗುತ್ತವೆ.

ಹೊರಗಿನಿಂದ ಬರುವ ಗುತ್ತಿಗೆದಾರರಿಗೆ ನಿಮ್ಮ ನಿಯಮ ತಿಳಿಸಿ, ಅವರ ಅಪಾಯಗಳನ್ನು ನೀವು ಕೇಳಿ ತಿಳಿಯಿರಿ. ಹೊಸ ಯಂತ್ರ, ಹೊಸ ರಾಸಾಯನಿಕ, ಹೊಸ ಪಾಳಿ ಬರುವ ಮೊದಲೇ ಹೆಜ್ಜೆ 4ನ್ನು ಅದಕ್ಕಾಗಿ ಮತ್ತೊಮ್ಮೆ ಮಾಡಿ.

ಅವಘಡವಾದರೆ, ಅಥವಾ ಸ್ವಲ್ಪದರಲ್ಲಿ ತಪ್ಪಿದರೆ, ಯಾರ ತಪ್ಪು ಎಂಬಲ್ಲಿಂದ ತನಿಖೆ ಆರಂಭಿಸಬೇಡಿ. ಜಾರಿ ಬಿದ್ದರು. ಏಕೆ? ನೆಲದ ಮೇಲೆ ಎಣ್ಣೆ ಇತ್ತು. ಏಕೆ? ಯಂತ್ರದ ಸೀಲ್ ಸೋರುತ್ತಿತ್ತು. ಏಕೆ? ಬದಲಿಸುವ ದಿನ ದಾಟಿತ್ತು. ಏಕೆ? ಆ ದಿನಾಂಕವನ್ನು ನೋಡಿಕೊಳ್ಳುವ ಕೆಲಸ ಯಾರ ಪಾಲಿಗೂ ಇರಲಿಲ್ಲ. "ಎಚ್ಚರಿಕೆಯಿಂದ ನಡೆಯಲು ತಿಳಿಸಲಾಯಿತು" ಎಂದು ಮುಗಿಸಿದ ತನಿಖೆ ಎರಡನೆಯ ಏಕೆಯನ್ನೂ ಕೇಳಿಲ್ಲ.

ಹೆಜ್ಜೆ 9: ಆಂತರಿಕ ಆಡಿಟ್ ಮತ್ತು ಪರಾಮರ್ಶೆ

ತನ್ನ ಕೆಲಸವನ್ನು ತಾನೇ ಆಡಿಟ್ ಮಾಡುವಂತಿಲ್ಲ. ಸಣ್ಣ ಉದ್ಯಮದಲ್ಲಿ ಇದಕ್ಕೆ ಸುಲಭದ ಉಪಾಯವಿದೆ: ಗೋದಾಮಿನವರು ಯಂತ್ರ ವಿಭಾಗವನ್ನು, ಯಂತ್ರ ವಿಭಾಗದವರು ಗೋದಾಮನ್ನು ನೋಡಲಿ. ಇಬ್ಬರಿಗೂ ಆಡಿಟ್ ಮಾಡುವ ತರಬೇತಿ ಕೊಡಿಸಿ. ಅಥವಾ ಪರಿಚಿತ ಉದ್ಯಮದವರೊಂದಿಗೆ ಅದಲು ಬದಲು ಮಾಡಿಕೊಳ್ಳಿ. ಲೋಪವೇ ಇಲ್ಲದ ಆಂತರಿಕ ಆಡಿಟ್ ವರದಿ ಹೊರಗಿನ ಆಡಿಟರಿಗೆ ಮೆಚ್ಚುಗೆ ತರುವುದಿಲ್ಲ, ಅನುಮಾನ ತರುತ್ತದೆ.

ನಂತರ ಮಾಲೀಕರು ಕೂತು ಎಲ್ಲವನ್ನೂ ನೋಡಬೇಕು. ಗುರಿ ಎಲ್ಲಿಗೆ ಬಂತು, ಅವಘಡಗಳು ಏನು ಹೇಳುತ್ತವೆ, ಕೆಲಸಗಾರರು ಏನು ಕೇಳಿದರು, ಹಣ ಮತ್ತು ಜನ ಸಾಕೇ? ತೀರ್ಮಾನಗಳನ್ನು ಬರೆದು ಕೆಲಸಗಾರರಿಗೂ ತಿಳಿಸಿ.

ಹೆಜ್ಜೆ 10: ಪ್ರಮಾಣೀಕರಿಸುವವರನ್ನು ಆರಿಸುವುದು

ಐಎಸ್‌ಒ ಸಂಸ್ಥೆ ಮಾನದಂಡವನ್ನು ಬರೆಯುತ್ತದೆ, ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವುದು ಸ್ವತಂತ್ರ ಪ್ರಮಾಣೀಕರಣ ಸಂಸ್ಥೆಗಳು. ಆ ಸಂಸ್ಥೆಗಳು ಅರ್ಹವೇ ಎಂದು ನೋಡಿ ಮಾನ್ಯತೆ ಕೊಡಲು ಆಯಾ ದೇಶಗಳಲ್ಲಿ ಮಾನ್ಯತಾ ಮಂಡಳಿಗಳಿವೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ: ಐಎಸ್‌ಒ 45001ಕ್ಕೆ, ನಮ್ಮ ಉದ್ಯಮದ ವಲಯಕ್ಕೆ ನಿಮಗೆ ಮಾನ್ಯತೆ ಇದೆಯೇ, ಯಾವ ಮಂಡಳಿಯದು? ಉತ್ತರವನ್ನು ಆ ಮಂಡಳಿಯ ಜಾಲತಾಣದಲ್ಲಿ ನೀವೇ ತಾಳೆ ನೋಡಿ. ಮಾನ್ಯತೆ ಪಡೆದ ಪ್ರಮಾಣಪತ್ರಗಳನ್ನು ಹುಡುಕಲು ಐಎಎಫ್ ಸರ್ಟ್‌ಸರ್ಚ್ ಎಂಬ ಅಂತರರಾಷ್ಟ್ರೀಯ ಅಂತರಜಾಲ ಪಟ್ಟಿಯೂ ಇದೆ.

ಒಂದು ವಾರದಲ್ಲಿ ಕೊಡುತ್ತೇವೆ ಎನ್ನುವವರು, ಜಾಗಕ್ಕೆ ಬಾರದೆಯೇ ಕೊಡುವವರು, ವ್ಯವಸ್ಥೆಯನ್ನೂ ನಾವೇ ಕಟ್ಟಿ ಪ್ರಮಾಣಪತ್ರವನ್ನೂ ನಾವೇ ಕೊಡುತ್ತೇವೆ ಎನ್ನುವವರು, ಈ ಮೂವರಿಂದಲೂ ದೂರವಿರಿ. ಸಲಹೆ ಕೊಟ್ಟ ಸಂಸ್ಥೆಯೇ ಪ್ರಮಾಣೀಕರಿಸಬಾರದು ಎಂಬುದು ಪ್ರಮಾಣೀಕರಣ ಸಂಸ್ಥೆಗಳು ಪಾಲಿಸಬೇಕಾದ ಐಎಸ್‌ಒ 17021ರ ನಿಯಮ.

ಕನಿಷ್ಠ ಮೂರು ಕಡೆ ದರಪಟ್ಟಿ ಕೇಳಿ, ಮೂರು ವರ್ಷಗಳ ಒಟ್ಟು ಖರ್ಚನ್ನು ಹೋಲಿಸಿ. ಎಷ್ಟು ದಿನದ ಆಡಿಟ್ ಎಂಬುದು ನಿಮ್ಮ ಜನಸಂಖ್ಯೆ ಮತ್ತು ಕೆಲಸದ ಅಪಾಯದ ಮಟ್ಟವನ್ನು ಅವಲಂಬಿಸಿರುತ್ತದೆ. ಒಬ್ಬರು ಹೇಳಿದ ದಿನಗಳು ಉಳಿದವರಿಗಿಂತ ತೀರಾ ಕಡಿಮೆಯಿದ್ದರೆ ಕಾರಣ ಕೇಳಿ.

ಹೆಜ್ಜೆ 11: ಆಡಿಟ್‌ನ ದಿನಗಳು

ಆಡಿಟ್ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ದಾಖಲೆ, ವ್ಯಾಪ್ತಿ, ಕಾನೂನಿನ ಪಟ್ಟಿ, ಸಿದ್ಧತೆಗಳನ್ನು ನೋಡಿ ಎಲ್ಲಿ ಕೊರತೆ ಇದೆ ಎಂದು ತಿಳಿಸುತ್ತಾರೆ. ಅದನ್ನು ಸರಿಪಡಿಸಿಕೊಳ್ಳಲು ಸಾಕಷ್ಟು ವಾರಗಳ ಅಂತರ ಇಟ್ಟುಕೊಳ್ಳಿ. ಎರಡನೆಯ ಹಂತವೇ ನಿಜವಾದ ಪರೀಕ್ಷೆ, ಅದು ನಡೆಯುವುದು ನೆಲದ ಮೇಲೆ.

ಆಡಿಟರ್ ನೇರವಾಗಿ ಒಬ್ಬ ಕೆಲಸಗಾರನ ಬಳಿ ಹೋಗಿ ಕೇಳುತ್ತಾರೆ: "ಈ ಕೆಲಸದಲ್ಲಿ ನಿಮಗೆ ಏನು ಪೆಟ್ಟಾಗಬಹುದು? ಏನಾದರೂ ಸರಿಯಿಲ್ಲ ಎನಿಸಿದರೆ ಯಾರಿಗೆ ಹೇಳುತ್ತೀರಿ? ಕಳೆದ ಸಲ ಹೇಳಿದಾಗ ಏನಾಯಿತು?" ಆಗ ಮಾಲೀಕರು ಪಕ್ಕದಿಂದ ಉತ್ತರ ಹೇಳಿಕೊಡಬಾರದು. ಕೆಲಸಗಾರರಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸುವುದೂ ಬೇಡ. ನೀತಿಯನ್ನು ಗಿಳಿಪಾಠ ಒಪ್ಪಿಸುವವನಿಗಿಂತ, "ಆ ಕಡೆಯ ಸ್ವಿಚ್ ಶಾಕ್ ಕೊಡುತ್ತಿತ್ತು, ಸೋಮವಾರ ಹೇಳಿದೆ, ಬುಧವಾರ ಬದಲಿಸಿದರು" ಎನ್ನುವವನು ನಿಮ್ಮ ಉದ್ಯಮಕ್ಕೆ ದೊಡ್ಡ ಸಾಕ್ಷಿ.

ಲೋಪಗಳು ಸಿಕ್ಕರೆ ಗಾಬರಿಯಾಗಬೇಡಿ. ಸಣ್ಣ ಲೋಪಕ್ಕೆ ಸರಿಪಡಿಸುವ ಯೋಜನೆ ಕೊಟ್ಟು ಒಪ್ಪಿಗೆ ಪಡೆದರೆ ಸಾಮಾನ್ಯವಾಗಿ ಮುಂದುವರಿಯಬಹುದು. ವ್ಯವಸ್ಥೆಯೇ ನಡೆಯುತ್ತಿಲ್ಲ ಎಂದು ತೋರಿಸುವ ದೊಡ್ಡ ಲೋಪವಾದರೆ, ಅದು ಸರಿಹೋಗಿದೆ ಎಂದು ಖಚಿತವಾಗುವ ತನಕ ಪ್ರಮಾಣಪತ್ರ ಬರುವುದಿಲ್ಲ. ಎರಡನೆಯ ಹಂತ ಮುಗಿದು ಆರು ತಿಂಗಳೊಳಗೆ ಅದು ಖಚಿತವಾಗದಿದ್ದರೆ ಆ ಹಂತವನ್ನೇ ಮತ್ತೆ ಮಾಡಬೇಕಾಗುತ್ತದೆ. ಉತ್ತರ ಬರೆಯುವಾಗ ಎರಡನ್ನು ಬೇರೆ ಬೇರೆ ಬರೆಯಿರಿ: ತಕ್ಷಣ ಏನು ಸರಿಮಾಡಿದೆವು, ಮತ್ತೆ ಆಗದಂತೆ ಮೂಲದಲ್ಲಿ ಏನು ಬದಲಿಸಿದೆವು. ಅವಧಿ ಮೀರಿದ ಸಿಲಿಂಡರನ್ನು ಬದಲಿಸಿದ್ದು ಮೊದಲನೆಯದು. ಇನ್ನು ಮುಂದೆ ಪ್ರತಿ ತಿಂಗಳ ಮೊದಲ ದಿನ ಯಾರು ನೋಡುತ್ತಾರೆ ಎಂದು ಗೊತ್ತುಮಾಡಿದ್ದು ಎರಡನೆಯದು.

ಹೆಜ್ಜೆ 12: ಮೂರು ವರ್ಷಗಳ ಲೆಕ್ಕ

ಪ್ರಮಾಣಪತ್ರದ ಅವಧಿ ಮೂರು ವರ್ಷ. ನಡುವೆ ವರ್ಷಕ್ಕೊಮ್ಮೆಯಾದರೂ ಉಸ್ತುವಾರಿ ಆಡಿಟ್ ಇರುತ್ತದೆ. ಅದರಲ್ಲಿ ಮೊದಲನೆಯದು ಪ್ರಮಾಣೀಕರಣದ ನಿರ್ಧಾರವಾದ 12 ತಿಂಗಳೊಳಗೆ ಆಗಬೇಕು. ಹಿಂದಿನ ಲೋಪಗಳು ಏನಾದವು, ಹೊಸದಾಗಿ ಏನು ಬಂತು, ಅವಘಡಗಳಿಂದ ಏನು ಕಲಿತಿರಿ, ಕೆಲಸಗಾರರ ಸಭೆ ನಿಂತಿದೆಯೇ ಎಂದು ನೋಡುತ್ತಾರೆ. ಆಡಿಟ್‌ಗೆ ಹದಿನೈದು ದಿನ ಮೊದಲು ಒಂದೇ ಪೆನ್ನಿನಲ್ಲಿ ತುಂಬಿದ ಹನ್ನೆರಡು ತಿಂಗಳ ತಪಾಸಣಾ ಪಟ್ಟಿ ಯಾರಿಗಾದರೂ ಗೊತ್ತಾಗುತ್ತದೆ.

ಗಂಭೀರ ಅವಘಡವಾದರೆ, ಅಥವಾ ಸಂಬಂಧಪಟ್ಟ ಸರ್ಕಾರಿ ಇಲಾಖೆ ಮಧ್ಯೆ ಬರಬೇಕಾದಂಥ ಕಾನೂನು ಉಲ್ಲಂಘನೆಯಾದರೆ, ಪ್ರಮಾಣೀಕರಣ ಸಂಸ್ಥೆಗೆ ತಡಮಾಡದೆ ತಿಳಿಸುವ ಹೊಣೆ ನಿಮ್ಮ ಮೇಲಿರುತ್ತದೆ. ಒಪ್ಪಂದದಲ್ಲಿ ಆ ಷರತ್ತನ್ನು ಸಹಿ ಹಾಕುವ ಮೊದಲೇ ಓದಿ. ಮರುಪ್ರಮಾಣೀಕರಣದ ಆಡಿಟ್ ಅವಧಿ ಮುಗಿಯುವ ಮೊದಲೇ ಆಗಬೇಕು, ಲೋಪಗಳೂ ಅಷ್ಟರೊಳಗೆ ಸರಿಹೋಗಬೇಕು. ಹಾಗಾಗಿ ಕೊನೆಯ ದಿನಕ್ಕೆ ಮೂರು ತಿಂಗಳ ಮುಂಚಿನ ದಿನಾಂಕವನ್ನು ಪ್ರಮಾಣಪತ್ರ ಕೈಗೆ ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.